ಗಂಟೆ ಬಾರಿಸುವಾಗ ಮಿನುಗುವ ದೀಪ

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಅಂಜಿನಕ್ಕನ ಡಿಟಿಪಿ ಅಂಗಡಿಯಲ್ಲಿ ಕಂಪ್ಯೂಟರ್ ಇದ್ದದ್ದು ಒಂದೇ. ಅದು ಎದ್ದು ಕೂರುವುದಕ್ಕೆ ಹನ್ನೊಂದು ನಿಮಿಷ ಬೇಕಾಗುತ್ತಿತ್ತು. ಆ ಹನ್ನೊಂದು ನಿಮಿಷ ಅಲ್ಲಿ ಟೈಪ್ ಮಾಡುವ ಹುಡುಗ ಕ್ರಾಂತಿಕುಮಾರ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾಗಪ್ಪ ಮೇಷ್ಟ್ರು ಬಂದು ಕೂಗಾಡಿ ಹೋದ ಮೇಲಂತೂ, ಚಹಾದವನಿಂದ ಹಿಡಿದು ಜೆರಾಕ್ಸಿಗೆ ಬಂದವರವರೆಗೆ ಎಲ್ಲರ ಮುಖದ ಮೇಲೂ ಒಂದೇ ಮಾತು ಬರೆದಂತೆ ಕಾಣುತ್ತಿತ್ತು: ಇವನೇ.

ನಡೆದದ್ದು ಇಷ್ಟು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯ ಹನ್ನೆರಡು ಖಾಸಗಿ ಶಾಲೆಗಳು ಕೂಡಿ ಅರ್ಧವಾರ್ಷಿಕ ಪರೀಕ್ಷೆಗೆ ಒಂದೇ ಪ್ರಶ್ನೆಪತ್ರಿಕೆ ಮಾಡಿಸುತ್ತಿದ್ದವು. ಕೊಟ್ಟೂರಿನ ನಾಗಪ್ಪ ಮೇಷ್ಟ್ರು ಕೈಬರಹದಲ್ಲಿ ತಂದುಕೊಡುವುದು, ಕ್ರಾಂತಿಕುಮಾರ ಟೈಪ್ ಮಾಡುವುದು, ಮೇಷ್ಟ್ರು ಮರುದಿನ ಬಂದು ತಿದ್ದಿಸಿ ಒಯ್ಯುವುದು. ಆ ವರ್ಷ, ಅಂದರೆ ಎರಡು ಸಾವಿರದ ಐದರಲ್ಲಿ, ಸಮಾಜ ವಿಜ್ಞಾನದ ಪರೀಕ್ಷೆಗೆ ಎರಡು ದಿನ ಮೊದಲೇ ತೆಲಿಗಿ ಬಸ್ಸಿನಲ್ಲಿ ಹುಡುಗರ ಕೈಯಲ್ಲಿ ‘ಗೆಸ್ ಪೇಪರ್’ ಅನ್ನುವ ಜೆರಾಕ್ಸ್ ಹಾಳೆ ಸಿಕ್ಕಿತು. ಗೆಸ್ಸೂ ಅಲ್ಲ, ಗಿಸ್ಸೂ ಅಲ್ಲ. ಪ್ರಶ್ನೆಗೆ ಪ್ರಶ್ನೆ ಅದೇ. ಸಾಲದ್ದಕ್ಕೆ, ಟೈಪಾದ ಮರುದಿನ ಮೇಷ್ಟ್ರು ಬೇಡವೆಂದು ತೆಗೆಸಿಹಾಕಿದ್ದ ಹದಿನಾಲ್ಕನೇ ಪ್ರಶ್ನೆಯೂ ಅದರಲ್ಲಿತ್ತು. ಆ ಪ್ರಶ್ನೆ ಶಾಲೆಗಳಿಗೆ ಹೋಗಿರಲೇ ಇಲ್ಲ. ಒಂದು ರಾತ್ರಿ ಮಾತ್ರ ಅದು ಈ ಅಂಗಡಿಯ ಕಂಪ್ಯೂಟರಿನಲ್ಲಿತ್ತು.

ಗಣಿತ, ವಿಜ್ಞಾನದ ಪೇಪರು ಶುಕ್ರವಾರ ತರುತ್ತೇನೆ, ಅಷ್ಟರೊಳಗೆ ಕಳ್ಳನ ಹೆಸರು ಹೇಳದಿದ್ದರೆ ಹೊಸಪೇಟೆಗೆ ಒಯ್ಯುತ್ತೇನೆ, ಯಾಕೆ ಒಯ್ದೆ ಅನ್ನುವುದನ್ನು ಹನ್ನೆರಡು ಶಾಲೆಗೂ ಹೇಳುತ್ತೇನೆ ಎಂದು ಮೇಷ್ಟ್ರು ಎದ್ದು ಹೋದರು. ಅಂಜಿನಕ್ಕ ಬಾಗಿಲವರೆಗೆ ಹೋಗಿ ಬಂದಳು. ಬಂದವಳು ಮೇಜಿನ ಡ್ರಾಯರಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹದಿನಾರು ತಿಂಗಳಲ್ಲಿ ಆ ಡ್ರಾಯರಿಗೆ ಅವಳು ಬೀಗ ಹಾಕಿದ್ದನ್ನು ಕ್ರಾಂತಿಕುಮಾರ ಕಂಡಿರಲಿಲ್ಲ.

“ಮಷೀನ್ ಮುಟ್ಟೋರು ಇಬ್ಬರು,” ಎಂದಳು. “ನಾನು, ನೀನು. ನಾನಲ್ಲ.”

ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು ಕ್ರಾಂತಿಕುಮಾರ. ಬಿಟ್ಟದ್ದೂ ಕಳ್ಳ ಅನ್ನಿಸಿಕೊಂಡೇ. ಯಾರದೋ ಜಾಮಿಟ್ರಿ ಪೆಟ್ಟಿಗೆ ಕಳೆದಾಗ ಆ ಶಾಲೆಯ ಮೇಷ್ಟ್ರೊಬ್ಬರು ತರಗತಿಯಲ್ಲಿ ಇವನೊಬ್ಬನ ಚೀಲವನ್ನಷ್ಟೇ ಜಾಡಿಸಿದ್ದರು. ಪೆಟ್ಟಿಗೆ ಸಿಗಲಿಲ್ಲ, ಅವನೂ ತಿರುಗಿ ಹೋಗಲಿಲ್ಲ. ಟೈಪಿಂಗ್ ಒಂದನ್ನು ಹಠ ಹಿಡಿದು ಕಲಿತ. ಸರ್ಟಿಫಿಕೇಟಿಲ್ಲದ ಈ ಕೆಲಸದಲ್ಲಿ ಕೈಯ ಹೆಸರೇ ಅವನ ಸರ್ಟಿಫಿಕೇಟು. ಅದು ಹೋದರೆ ಕೊಟ್ಟೂರಿನಿಂದ ಹಡಗಲಿಯವರೆಗೆ ಯಾವ ಅಂಗಡಿಯವರೂ ಅವನನ್ನು ಕುರ್ಚಿಯ ಮೇಲೆ ಕೂರಿಸುವುದಿಲ್ಲ.

ಹಾಗಾದರೆ ಯಾರು? ಅವನು ಮೊದಲು ಅನುಮಾನಪಟ್ಟದ್ದು ಅಂಜಿನಕ್ಕನನ್ನೇ. ‘ನಾನಲ್ಲ’ ಅಂದದ್ದು ಅಷ್ಟು ಬೇಗ ಯಾಕೆ? ಆಮೇಲೆ ನಾಗಪ್ಪ ಮೇಷ್ಟ್ರ ಮೇಲೂ ಅನುಮಾನ ಬಂತು. ಕೊನೆಗೆ ಕಂಪ್ಯೂಟರಿನ ಮೇಲೇ ಬಂತು. ಹನ್ನೊಂದು ನಿಮಿಷ ಅದು ಒಳಗೆ ಏನು ಮಾಡುತ್ತದೆ?

ಬುಧವಾರ ಬೆಳಿಗ್ಗೆ ಅದನ್ನು ಅಕ್ಕನಿಗೆ ಹೇಳಿದ. ಮಷೀನು ಚಾಲೂ ಆದ ಕೂಡಲೇ ನಾವು ಕರೆಯದೆ ತಾವಾಗಿ ಏಳುವ ಪ್ರೋಗ್ರಾಮುಗಳು ಇರುತ್ತವೆ, ಅವುಗಳ ಪಟ್ಟಿ ಒಂದು ಕಡೆ ಸಿಗುತ್ತದೆ, ಪ್ರತಿಯೊಂದರ ಮುಂದೆ ಒಂದು ಟಿಕ್ ಇರುತ್ತದೆ, ಟಿಕ್ ತೆಗೆದರೆ ಅದು ನಾಳೆಯಿಂದ ಏಳುವುದಿಲ್ಲ ಎಂದು ಬಿಡಿಸಿ ಹೇಳಿದ. ಅಂಜಿನಕ್ಕ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರಿದ್ದವು. ಅವಳು ಪಂಚಾಯ್ತಿಗೆ ಕೂತ ಹಿರಿಯಳಂತೆ ಒಂದೊಂದನ್ನೇ ವಿಚಾರಿಸತೊಡಗಿದಳು. ಇದು ಯಾರ ಪೈಕಿ? ಇದನ್ನು ಕರೆದವರು ಯಾರು? ಬಂದು ಏನು ಮಾಡುತ್ತದೆ? ಪ್ರಿಂಟರಿನದು ಇರಲಿ. ಕನ್ನಡ ಅಕ್ಷರದ್ದು ಇರಲೇಬೇಕು. ವೈರಸ್ ಕಾಯುವುದು ಇರಲಿ. ಯಾವತ್ತೋ ಹಾಡು ಕೇಳಲು ಹಾಕಿದ್ದು, ಕೆಟ್ಟುಹೋದ ಸ್ಕ್ಯಾನರಿನದು, ತಲೆಬುಡ ತಿಳಿಯದ ಇಂಗ್ಲಿಷ್ ಹೆಸರಿನವು, ಎಲ್ಲದರ ಟಿಕ್ ಕಿತ್ತರು.

“ಕರೀಲಾರದ ಉಣ್ಣಾಕ ಬಂದು ಕುಂತಾವು ನೋಡು,” ಎಂದಳು ಅಕ್ಕ. “ಎಬ್ಬಸ್ ಎಲ್ಲಾನೂ.”

ಕೊನೆಯಲ್ಲಿ ಒಂದು ಉಳಿಯಿತು. ಹೆಸರು ‘ಅಮ್ಮ’. ಕಂಪ್ಯೂಟರು ಎದ್ದ ಕೂಡಲೇ ಪರದೆಯ ತುಂಬ ಹುಲಿಗೆಮ್ಮ ದೇವಿಯ ಚಿತ್ರ ಬಂದು ಗಂಟೆ ಬಾರಿಸುತ್ತಿದ್ದದ್ದು ಅದೇ. ಆಯುಧ ಪೂಜೆಯ ದಿನ ಈ ಮಷೀನು ಅಂಗಡಿಗೆ ಬಂದಾಗ, ತಂದುಕೊಟ್ಟ ವೆಂಕಟೇಶ ಅದನ್ನು ಹಾಕಿಕೊಟ್ಟಿದ್ದ. ವೆಂಕಟೇಶ ಅಂಜಿನಕ್ಕನ ಅಣ್ಣನ ಮಗ. ಹರಪನಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿಯ ಜೊತೆಗೆ ಒಂದು ಟ್ಯೂಷನ್ನೂ ನಡೆಸುತ್ತಿದ್ದ. ಗುರುವಾರಕ್ಕೊಮ್ಮೆ ಬಂದು ಧೂಳು ಒರೆಸಿ, ಪೆನ್‌ಡ್ರೈವ್ ಚುಚ್ಚಿ ಏನೋ ನೋಡಿ, ಅತ್ತೆಯ ಕೈಯಲ್ಲಿ ಮಂಡಕ್ಕಿ ತಿಂದು ಹೋಗುತ್ತಿದ್ದ. ಆ ಗಂಟೆ ಮುಗಿಯುವವರೆಗೆ ಯಾರೂ ಕೀಲಿಮಣೆ ಮುಟ್ಟಬಾರದು, ಗಿರಾಕಿ ಬಂದರೂ ನಿಲ್ಲಬೇಕು ಅನ್ನುವುದು ಅಂಗಡಿಯ ಕಟ್ಟಳೆ. ಅಕ್ಕ ಊದಿನಕಡ್ಡಿ ಬೆಳಗಿ, ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು. ಊದಿನಕಡ್ಡಿಯನ್ನು ಕ್ರಾಂತಿಕುಮಾರನ ಕೈಗೆ ಅವಳು ಯಾವತ್ತೂ ಕೊಟ್ಟವಳಲ್ಲ, ಅವನೂ ಕೇಳಿದವನಲ್ಲ.

ಮೌಸಿನ ಬಾಣ ಆ ಹೆಸರಿನ ಹತ್ತಿರ ಹೋದದ್ದೇ ತಡ, ಅವಳು ಅವನ ಮಣಿಕಟ್ಟು ಹಿಡಿದಳು.

“ಅದನ್ನ ಮುಟ್ಟಬ್ಯಾಡ. ನಿಮ್ಮ ಮನ್ಯಾಗ ಬುದ್ಧನ ಫೋಟೋ ಐತಿ, ಇರ್ಲಿ. ಇದು ನಮ್ಮ ಅಮ್ಮ.”

ಅವನು ಕೈ ತೆಗೆದ. ಮಷೀನನ್ನು ಆರಿಸಿ ಮತ್ತೆ ಹಚ್ಚಿದರು. ಈ ಸಲ ನಾಲ್ಕೇ ನಿಮಿಷಕ್ಕೆ ಎದ್ದಿತು. ಅಂಜಿನಕ್ಕನ ಮುಖ ಅರಳಿತು, ಕಳ್ಳ ಹೋದ ಅನ್ನುವಂತೆ. ಹುಲಿಗೆಮ್ಮ ಬಂದಳು, ಗಂಟೆ ಶುರುವಾಯಿತು, ಅಕ್ಕ ಕಣ್ಣು ಮುಚ್ಚಿದಳು. ಕಣ್ಣು ಮುಚ್ಚದ ಕ್ರಾಂತಿಕುಮಾರನಿಗೆ ಕಂಪ್ಯೂಟರ್ ಡಬ್ಬಿಯ ಮುಂದಿನ ಸಣ್ಣ ಕೆಂಪು ದೀಪ ಕಂಡಿತು. ಡಿಸ್ಕಿಗೆ ಏನಾದರೂ ಬರೆಯುವಾಗ, ಓದುವಾಗ ಮಿನುಗುವ ದೀಪ ಅದು. ಅದು ಮಿನುಗುತ್ತಲೇ ಇತ್ತು, ಮಿಂಚುಹುಳಕ್ಕೆ ಹುಚ್ಚು ಹಿಡಿದಂತೆ. ಗಂಟೆ ನಿಂತ ಕೂಡಲೇ ಅದೂ ನಿಂತಿತು.

ಒಂದು ಚಿತ್ರ, ಒಂದು ಗಂಟೆಯ ಸದ್ದು. ಅದಕ್ಕೆ ಇಷ್ಟು ಬರವಣಿಗೆ ಯಾಕೆ?

ಆವತ್ತು ಅವನು ಊಟಕ್ಕೆ ಹೋಗಲಿಲ್ಲ. ಆ ಟಿಕ್ ತೆಗೆಯುವುದು ಅವನಿಗೆ ಒಂದು ಚಿಟಿಕೆಯ ಕೆಲಸ. ತೆಗೆದರೆ? ನಾಳೆ ಗಂಟೆ ಬಾರಿಸುವುದಿಲ್ಲ. ಕಾಲೊನಿಯ ಹುಡುಗ ದೇವರನ್ನೇ ತೆಗೆದ ಎಂದು ಬಸ್‌ಸ್ಟ್ಯಾಂಡಿಗೆಲ್ಲ ಗೊತ್ತಾಗುತ್ತದೆ, ಪೇಪರ್ ಕದ್ದವನೂ ಅವನೇ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಒಬ್ಬನೇ ಕೂತು ಒಳಗೆ ಹುಡುಕಿ ಏನಾದರೂ ತೋರಿಸಿದರೆ? ನೀನೇ ಇಟ್ಟು ನೀನೇ ತೆಗೆದೆ ಅನ್ನುತ್ತಾರೆ. ಅವನ ಚೀಲವನ್ನಷ್ಟೇ ಜಾಡಿಸಿದ ಊರು ಇದು. ಇಲ್ಲಿ ಅವನ ಕೈಗೆ ಸಿಕ್ಕದ್ದು ಸಾಕ್ಷಿಯಾಗುವುದಿಲ್ಲ, ಅಪರಾಧವಾಗುತ್ತದೆ. ಹುಡುಕುವ ಕೈ ಅಕ್ಕನದೇ ಆಗಬೇಕು.

ಗುರುವಾರ ವೆಂಕಟೇಶ ಬರಲಿಲ್ಲ. ಎರಡು ವರ್ಷದಲ್ಲಿ ತಪ್ಪದ ಗುರುವಾರ, ಗಲಾಟೆಯಾದ ವಾರವೇ ತಪ್ಪಿತು. ಮೈಯಲ್ಲಿ ಹುಷಾರಿಲ್ಲವಂತೆ ಎಂದು ಅಕ್ಕ ತಾನಾಗಿಯೇ ಹೇಳಿದಳು. ಹೇಳುವಾಗ ಅವನ ಕಡೆ ನೋಡಲಿಲ್ಲ. ಇವಳಿಗೂ ಒಳಗೆ ಏನೋ ಕೊರೆಯುತ್ತಿದೆ ಅನ್ನಿಸಿತು ಕ್ರಾಂತಿಕುಮಾರನಿಗೆ. ಇಲ್ಲವೇ, ಅತ್ತೆ-ಅಳಿಯ ಇದರಲ್ಲಿ ಕೂಡಿಯೇ ಇದ್ದಾರೆ.

ಶುಕ್ರವಾರ ಬೆಳಿಗ್ಗೆ ಅಕ್ಕ ಊದಿನಕಡ್ಡಿ ಹಚ್ಚಿದಾಗ ಅವನು ಕುರ್ಚಿ ಬಿಟ್ಟು ಗೋಡೆಗೆ ಆತು ನಿಂತ. ಎರಡೂ ಕೈಗಳನ್ನು ಕಾಣುವಂತೆ ಎದೆಯ ಮೇಲೆ ಕಟ್ಟಿಕೊಂಡ.

“ಅಕ್ಕ, ಇವತ್ತೊಂದಿನ ಕಣ್ಣು ಮುಚ್ಚಬ್ಯಾಡ್ರಿ.”

“ಯಾಕ?”

“ಗುಡ್ಯಾಗ ಅಮ್ಮನ್ನ ನೋಡ್ಕೋತನ ಕೈ ಮುಗೀತೀರಿ ಹೌದಿಲ್ರಿ? ಹಂಗ ಮುಗೀರಿ. ಆದ್ರ ಈ ಕೆಂಪು ಲೈಟಿನ ಮ್ಯಾಲೆ ಒಂದು ಕಣ್ಣಿಡ್ರಿ. ನಾ ಏನೂ ಮುಟ್ಟಂಗಿಲ್ಲ.”

ಅವಳು ಅವನನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದಳು. ಗಂಟೆ ಶುರುವಾಯಿತು. ಅವಳು ಕೈ ಮುಗಿದಳು, ಕಣ್ಣು ಮುಚ್ಚಲಿಲ್ಲ. ದೀಪ ಮಿನುಗಿತು, ಮಿನುಗಿತು, ಗಂಟೆಯ ಜೊತೆಗೇ ನಿಂತಿತು. ಊದಿನಕಡ್ಡಿಯ ಬೂದಿ ಕೀಲಿಮಣೆಯ ಮೇಲೆ ಉದುರಿದ್ದೂ ಅವಳಿಗೆ ತಿಳಿಯಲಿಲ್ಲ.

ಮೌಸ್ ಹಿಡಿಯಿರಿ ಎಂದ. ಹಿಡಿದಳು. ಅವನು ಗೋಡೆಯ ಹತ್ತಿರದಿಂದಲೇ ಹೇಳುತ್ತ ಹೋದ: ಇಲ್ಲಿ ಒತ್ತಿ, ಮುಚ್ಚಿಟ್ಟ ಫೈಲುಗಳನ್ನೂ ತೋರಿಸು ಅನ್ನುವುದಕ್ಕೆ ಟಿಕ್ ಹಾಕಿ, ಇವತ್ತಿನ ತಾರೀಖಿನಲ್ಲಿ ಬದಲಾದದ್ದು ಏನೇನಿದೆ ಹುಡುಕಿ. ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದ ಕೈ ಅವಳದು, ಕೀಲಿಮಣೆಗೆ ಹೆದರದು, ಆದರೆ ಮೌಸ್ ಅವಳ ಬೆರಳಿನಡಿ ಇಲಿಯಂತೆ ಅತ್ತಿತ್ತ ಓಡಿತು. ಕೊನೆಗೆ ಒಂದು ಫೋಲ್ಡರು ಸಿಕ್ಕಿತು. ಅದರಲ್ಲಿ ಅಂಗಡಿಯೇ ಇತ್ತು. ಹಿಂದಿನ ದಿನದವರೆಗೆ ಟೈಪಾದ ಪ್ರತಿಯೊಂದು ಕಾಗದದ ನಕಲು: ಮದುವೆ ಪತ್ರಿಕೆ, ತಾಲ್ಲೂಕು ಆಫೀಸಿನ ಅರ್ಜಿ, ಹೊಳಲಿನ ಹೆಣ್ಣುಮಗಳೊಬ್ಬಳು ಗಂಡನಿಗೆ ಬರೆಸಿದ ಪತ್ರ, ಹದಿನಾಲ್ಕನೇ ಪ್ರಶ್ನೆಯ ಸಮೇತ ಸಮಾಜ ವಿಜ್ಞಾನದ ಪೇಪರು. ದಿನಾ ಬೆಳಿಗ್ಗೆ ಗಂಟೆ ಬಾರಿಸುವಾಗ ಹಿಂದಿನ ದಿನದ್ದೆಲ್ಲ ಇಲ್ಲಿಗೆ ಬಂದು ಬೀಳುತ್ತಿತ್ತು, ಗುರುವಾರ ವೆಂಕಟೇಶನ ಪೆನ್‌ಡ್ರೈವ್ ಏರಿ ಹೋಗುತ್ತಿತ್ತು.

“ಮೊದಲನೇದು ಯಾವ ತಾರೀಖು ಐತಿ ನೋಡ್ರಿ,” ಎಂದ.

ಎರಡು ಸಾವಿರದ ಮೂರರ ಆಯುಧ ಪೂಜೆಯ ಮರುದಿನ. ಕ್ರಾಂತಿಕುಮಾರ ಈ ಅಂಗಡಿಯ ಮೆಟ್ಟಿಲು ಹತ್ತುವುದಕ್ಕೆ ಎಂಟು ತಿಂಗಳು ಮೊದಲು.

ಪಟ್ಟಿಯ ನಡುವೆ ಒಂದು ಹೆಸರಿನ ಮೇಲೆ ಅಕ್ಕನ ಕಣ್ಣು ನಿಂತುಬಿಟ್ಟಿತ್ತು. ಅದನ್ನು ತೆರೆದಳು. ಅಪ್ಪನ ಮನೆಯಲ್ಲಿ ತನ್ನ ಪಾಲು ಕೇಳಿ ವಕೀಲರಿಗೆ ಅವಳೇ ಒಂದು ಭಾನುವಾರ ಅಂಗಡಿಯ ಬಾಗಿಲು ಎಳೆದುಕೊಂಡು ಟೈಪ್ ಮಾಡಿದ್ದ ಕಾಗದ. ಹಿರಿಯರ ಮುಂದೆ ಕೂತ ದಿನ ಅವಳು ಬಾಯಿ ತೆರೆಯುವ ಮೊದಲೇ ಅವಳ ಅಣ್ಣ, ವೆಂಕಟೇಶನ ಅಪ್ಪ, ಒಂದೊಂದು ಮಾತಿಗೂ ಜವಾಬು ತಂದಿದ್ದನಂತೆ. ವಕೀಲನೇ ಮಾರಿಕೊಂಡ ಎಂದು ಅವಳು ವಕೀಲನನ್ನು ಬದಲಾಯಿಸಿದ್ದಳು. ಇದನ್ನೆಲ್ಲ ಅವಳು ಪರದೆಗೆ ಹೇಳುವಂತೆ, ಮೆಲ್ಲಗೆ ಹೇಳಿದಳು. ಬೇಲಿಯೇ ಎದ್ದು ಹೊಲ ಮೇಯುವುದು ಅನ್ನುತ್ತಾರಲ್ಲ, ಅದಕ್ಕೆ ಅವಳೇ ದಿನಾ ಆರತಿ ಎತ್ತಿದ್ದಳು.

ಆಮೇಲೆ ಪಟ್ಟಿ ತೆರೆದು ‘ಅಮ್ಮ’ನ ಮುಂದಿನ ಟಿಕ್ ಅನ್ನು ತಾನೇ ತೆಗೆದಳು. ತೆಗೆದ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.

“ಈ ಫೋಲ್ಡರ್ ಅಳಿಸಿಬಿಡು,” ಎಂದಳು.

ಅಳಿಸಿದರೆ ಉಳಿಯುವುದೇನು? ಅಳಿಯನ ಮಾನ ಉಳಿಯುತ್ತದೆ, ತವರಿನ ಮಾನ ಉಳಿಯುತ್ತದೆ, ಕ್ರಾಂತಿಕುಮಾರನದಷ್ಟೇ ಹೋಗುತ್ತದೆ. ಮೇಷ್ಟ್ರು ನೋಡಿದ ಮೇಲೆ ಅಳಿಸೋಣ ಎಂದ. ಮೌಸ್ ತೆಗೆದುಕೊಂಡು ಕುರ್ಚಿಯಲ್ಲಿ ಕೂತವನು ಮಧ್ಯಾಹ್ನದವರೆಗೂ ಏಳಲಿಲ್ಲ. ಅವಳು ಚಹಾ ತರಿಸಿದರೆ ಎಡಗೈಯಲ್ಲಿ ಕುಡಿದ, ಬಲಗೈ ಮೌಸಿನ ಮೇಲೇ ಇತ್ತು.

ನಾಗಪ್ಪ ಮೇಷ್ಟ್ರು ಕಂಕುಳಲ್ಲಿ ಕವರು ಅಮುಕಿಕೊಂಡು ಬಂದರು. ಕೂರಲಿಲ್ಲ. ಹೆಸರು ಸಿಕ್ಕಿತೇನು ಎಂದು ಅಂಜಿನಕ್ಕನನ್ನು ಕೇಳಿದರು, ಕಣ್ಣು ಮಾತ್ರ ಕ್ರಾಂತಿಕುಮಾರನ ಮೇಲಿತ್ತು. ಅವಳು ಸೆರಗು ಸರಿಮಾಡಿಕೊಂಡಳು.

“ಮಷೀನಿಗೆ ವೈರಸ್ ಹೊಕ್ಕಿತ್ತ್ರಿ ಸರ. ಈಗ ತಗದೀವಿ.”

ಮೇಷ್ಟ್ರು ಅಷ್ಟಕ್ಕೆ ನಕ್ಕರು. ವೈರಸ್ಸು ಗೆಸ್ ಪೇಪರ್ ಮಾಡಿ ತೆಲಿಗಿ ಬಸ್ಸಿನಲ್ಲಿ ಹಂಚಿತೇ ಎಂದರು. ಕವರನ್ನು ಇನ್ನಷ್ಟು ಬಿಗಿಯಾಗಿ ಅಮುಕಿಕೊಂಡು ಬಾಗಿಲ ಕಡೆ ತಿರುಗಿದರು.

ಕ್ರಾಂತಿಕುಮಾರ ಎದ್ದ. ಕುರ್ಚಿ ಹಿಂದೆ ಜಾರಿ ಗೋಡೆಗೆ ಬಡಿಯಿತು. ದನಿ ಏರಿಸಬಾರದು ಎಂದು ಹಲ್ಲು ಕಚ್ಚಿ ಮಾತಾಡಿದ.

“ಅಕ್ಕ, ಆ ವೈರಸ್ಸಿಗೆ ಅಪ್ಪ ಅದಾನ, ಊರೈತಿ, ಹೆಸರೈತಿ. ನಾ ಹೇಳಿದ್ರ ಯಾರೂ ನಂಬಂಗಿಲ್ಲ, ಅದಕ್ಕ ನಿಮ್ಮ ಕೈಯಾಗ ಹುಡುಕ್ಸೀನಿ. ಈಗ ಬಾಯಿ ಮುಚ್ಚಿದ್ರ ನೀವ ನನ್ನ ಕಳ್ಳನ್ನ ಮಾಡಿದಂಗ. ನಾ ಈ ಮೆಟ್ಟಲಾ ಇಳದ್ರ ತಿರುಗಿ ಹತ್ತಂಗಿಲ್ಲ.”

ಹೊರಗೆ ಕೂಡ್ಲಿಗಿ ಬಸ್ಸಿನ ಕಂಡಕ್ಟರು ಊರುಗಳ ಹೆಸರು ಕೂಗುತ್ತಿದ್ದ. ಅಂಜಿನಕ್ಕ ಅವನ ಮುಖ ನೋಡಿದಳು, ಮೇಷ್ಟ್ರ ಕೈಯಲ್ಲಿದ್ದ ಕವರು ನೋಡಿದಳು. ಕೊನೆಗೆ ಪರದೆಯ ಮೇಲೆ ಇನ್ನೂ ತೆರೆದೇ ಇದ್ದ ತನ್ನ ಕಾಗದವನ್ನು ನೋಡಿದಳು.

“ನಮ್ಮ ಅಣ್ಣನ ಮಗ ವೆಂಕಟೇಶ, ಸರ,” ಎಂದಳು. “ಹರಪನಹಳ್ಯಾಗ ಟ್ಯೂಷನ್ ಇಟ್ಟಾನ. ಬರ್ರಿ, ಕುಂದುರ್ರಿ, ತೋರಸ್ತೀನಿ. ಈ ಹುಡುಗಂದೇನಿಲ್ಲ ಇದ್ರಾಗ.”

ಅವಳೇ ಒಂದೊಂದನ್ನೂ ತೆರೆದು, ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿದಳು. ಮೇಷ್ಟ್ರು ಕನ್ನಡಕ ಏರಿಸಿ ಇಳಿಸಿ ನೋಡಿದರು. ವೆಂಕಟೇಶನ ಟ್ಯೂಷನ್ನಿಗೆ ತಮ್ಮ ಶಾಲೆಯ ಒಂಬತ್ತು ಹುಡುಗರು ಹೋಗುತ್ತಾರೆ ಎಂದು ತಮಗೆ ತಾವೇ ಹೇಳಿಕೊಂಡರು. ಕವರನ್ನು ಮೇಜಿನ ಮೇಲೆ ಇಟ್ಟರು. ಕ್ರಾಂತಿಕುಮಾರನಿಗೆ ಏನನ್ನೂ ಹೇಳಲಿಲ್ಲ. ಅವನೂ ಕಾಯಲಿಲ್ಲ.

ಕವರು ಒಡೆದು ಗಣಿತದ ಹಾಳೆ ತೆಗೆದ. ಕುರ್ಚಿ ಎಳೆದುಕೊಂಡು ಕೂತು, ಕೀಲಿಮಣೆಯ ಮೇಲಿನ ಬೂದಿಯನ್ನು ಊದಿದ. ಬೆರಳು ಇಡಬೇಕು ಅನ್ನುವಷ್ಟರಲ್ಲಿ ಬೆನ್ನ ಹಿಂದೆ ಉಸಿರು ಕೇಳಿತು. ಮೇಷ್ಟ್ರು ಬೆಂಚಿನ ಮೇಲೆ ಕೂತಿರಲಿಲ್ಲ. ಅವನ ಹೆಗಲ ಮೇಲಿಂದ ಪರದೆ ನೋಡುತ್ತ ನಿಂತಿದ್ದರು.

“ಸರ,” ಎಂದ ಅವನು, ತಿರುಗದೆ. “ಹಿಂದ ನಿಂದ್ರಬ್ಯಾಡ್ರಿ.”

ಮೇಷ್ಟ್ರು ಅಲುಗಲಿಲ್ಲ. ಅವನೂ ಬೆರಳು ಇಡಲಿಲ್ಲ. ಕೂಡ್ಲಿಗಿ ಬಸ್ಸು ಹೊರಟುಹೋಯಿತು. ಆಮೇಲೆ ಚಪ್ಪಲಿ ಸರಿದ ಸದ್ದಾಯಿತು, ಬೆಂಚು ಕಿರ್ರೆಂದಿತು. ಕ್ರಾಂತಿಕುಮಾರ ಮೊದಲನೇ ಪ್ರಶ್ನೆ ಟೈಪ್ ಮಾಡತೊಡಗಿದ.