ಬಾಗಿಲೆದುರಿನ ಕೋಲು

ಅಮೆರಿಕದ ಮನ್ರೋದಲ್ಲಿ ಹಿಮ ಬಿದ್ದ ಬೆಳಗೆಲ್ಲ ನಂದಾ ಮೊದಲು ಹಿಮದಿಂದ ಬಿಡಿಸುತ್ತಿದ್ದುದು ತನ್ನ ಬಾಗಿಲನ್ನಲ್ಲ, ಬೆಂಕಿ ಆರಿಸಲು ನೀರು ಕೊಡುವ ರಸ್ತೆಯಂಚಿನ ಫೈರ್ ಹೈಡ್ರಂಟನ್ನು. ಹೋದ ಚಳಿಗಾಲ ಮನೆಗೆ ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಇದನ್ನೇ ಹುಡುಕುತ್ತ ಹಿಮವನ್ನು ಅಲ್ಲಿ ಇಲ್ಲಿ ಚುಚ್ಚಿದ್ದರು. ಗುರುತಿಗೆಂದು ಅದಕ್ಕೆ ಸಿಕ್ಕಿಸಿದ್ದ ಕೆಂಪು ಬಾವುಟದ ಕೋಲು ಗಾಳಿಗೆ ಹಾರಿಹೋಗಿರಬೇಕು ಎಂದರು. ಹೈಡ್ರಂಟ್ ಸಿಗುವ ಹೊತ್ತಿಗೆ ಮೇಲಿನ ಕಿಟಕಿಯಲ್ಲಿ ಅವಳ ಗಂಡ ರಾಜಶೇಖರನ ಕೂಗು ನಿಂತಿತ್ತು. ಅಂದಿನಿಂದ ಅವಳು ಹಿಮವನ್ನು ಅಗೆಯುತ್ತಿರಲಿಲ್ಲ, ಹೊಡೆಯುತ್ತಿದ್ದಳು.

ಈಗಷ್ಟೇ ಬಿಡಿಸಿದ ಹೈಡ್ರಂಟಿನ ಮೇಲೆ ಪಕ್ಕದ ಮನೆಯ ಮುಕುಂದನ ಸ್ನೋ ಬ್ಲೋವರ್ ಮತ್ತೆ ಹಿಮ ಉಗುಳಿತು.

"ಈ ಕಡೆ ಹಾರಸಬ್ಯಾಡ್ರಿ!"

"ಮತ್ತೇನು, ನನ್ ತಲೆ ಮೇಲೆ ಸುರ್ಕೊಳ್ಳಾ? ದಿನಾ ಅದಕ್ಕೆ ಅಭಿಷೇಕ ಮಾಡ್ತೀರಲ್ಲ, ಇನ್ನೊಂದ್ಸಲ ಮಾಡಿ."

ಯಂತ್ರ ನಿಲ್ಲಿಸಲೆಂದೇ ಅವಳು ಸಲಿಕೆ ಹಿಡಿದು ಅವನ ಡ್ರೈವ್‌ವೇಗೆ ನುಗ್ಗಿದಳು. ತೆರೆದ ಗರಾಜಿನಲ್ಲಿ, ಚಳಿಗೆಂದು ಒಳಗಿಟ್ಟ ಕರಿಬೇವಿನ ಕುಂಡ. ಗಿಡಕ್ಕೆ ಆಸರೆಯಾಗಿ ಕಟ್ಟಿದ ಕೋಲಿನ ತುದಿಯಲ್ಲಿ ಕೆಂಪು ಬಾವುಟ.

"ಅದು ಇಲ್ಲಿ ಹೆಂಗ ಬಂತು?"

"ಅದಾ? ನಮ್ ಗೃಹಪ್ರವೇಶಕ್ಕೆ ಬಂದ ಪುರೋಹಿತರು, ಬಾಗಿಲೆದುರಿಗೆ ಶೂಲ ನಿಂತ ಹಾಗಿದೆ, ಮನೆಗೆ ಕೇಡು ಅಂದ್ರು. ಕಿತ್ತಿಟ್ಟೆ. ಟೌನ್‌ಶಿಪ್‌ನೋರು ಇನ್ನೊಂದು ಹಾಕ್ತಾರೆ ಅಂತ..."

"ಯಾವಾಗ ಕಿತ್ತಿ?"

ಅವನು ಕುಂಡದ ಕಡೆಗೆ ಹಿಂದೆ ಸರಿದ. "ಬೆಂಕಿಗೆ ಮುಂಚೆ. ನಂದಾ ಅವರೇ, ನಂಗೇನು ಗೊತ್ತಿತ್ತು..."

ಸಲಿಕೆಯ ಅಂಚು ಅವನ ಬಾಯಿಗೆ ಬಿತ್ತು. ಅಂಗಾತ ಉರುಳಿದವನ ಬಾಯಿಂದ ಹಲ್ಲೊಂದು ರಕ್ತದೊಂದಿಗೆ ಹಿಮಕ್ಕೆ ಜಾರಿತು. ಅಡ್ಡ ಹಿಡಿದ ಕೈಗೆ ಎರಡನೆಯ ಏಟು ಬಿದ್ದಾಗ ಮೂಳೆ ಲಟ್ಟೆಂದಿತು. ಮೂರನೆಯದಕ್ಕೆ ಅವಳು ಅವನ ತಲೆಯ ಮೇಲೆ ಸಲಿಕೆ ಎತ್ತಿದಳು.

"ಬಿಡ್ರೀ, ಸತ್ತೋಗ್ತಾರೆ!" ಅವನ ಹೆಂಡತಿ ಸುಪ್ರಿಯಾ ಬಾಗಿಲಲ್ಲಿ ಕಿರುಚಿದಳು.

ಅಂದು ಕಿಟಕಿಯಿಂದ ಕೇಳಿದ ಕೂಗೂ ಹೀಗೇ ಇತ್ತು. ಏಟು ಹೊರಳಿ ಪಕ್ಕದ ಕುಂಡದ ಮೇಲೆ ಬಿತ್ತು. ಬೇರು ಜೋತಾಡುತ್ತಿದ್ದ ಗಿಡದಿಂದ ಕೋಲನ್ನು ಕಿತ್ತುಕೊಂಡು ಹೊರಟ ಅವಳು, ಹೈಡ್ರಂಟಿನ ಹಿಮ ಕೆರೆದು ಕೋಲನ್ನು ಪಕ್ಕದಲ್ಲಿ ನಾಟಿದಳು. ಅದು ಗಾಳಿಗೆ ವಾಲಿತು.

ಮನೆ ನಂಬರುಗಳೆಲ್ಲ ಹಿಮದಡಿ ಹೂತಿದ್ದವು. ಸುಪ್ರಿಯಾ ಫೋನಿನಲ್ಲಿ ಆಂಬುಲೆನ್ಸಿನವರಿಗೆ ಅರಚುತ್ತಿದ್ದಳು: "ರೆಡ್ ಫ್ಲ್ಯಾಗ್! ಲುಕ್ ಫಾರ್ ದ ರೆಡ್ ಫ್ಲ್ಯಾಗ್!"

ನಂದಾ ಸಲಿಕೆ ಬಿಸಾಡಿದಳು. ಸೈರನ್ ತಿರುವಿಗೆ ಬರುವವರೆಗೂ ಎರಡೂ ಕೈಗಳಿಂದ ಕೋಲನ್ನು ನೆಟ್ಟಗೆ ಹಿಡಿದು ನಿಂತಳು.