ಮಾವಿಸ್ ಲ್ಯಾಚ್‌ಫರ್ಡ್‌ಗೆ ಬಿದ್ದ ಕೊನೆಯ ಮತ

ಮಾವಿಸ್ ಲ್ಯಾಚ್‌ಫರ್ಡ್ ಕೌನ್ಸಿಲ್ ಚುನಾವಣೆಗೆ ನಿಂತದ್ದೇ ಸೋಲುವುದಕ್ಕೆ. ಮಾರ್ಲ್‌ಕೋಟ್ ವಾರ್ಡಿನಲ್ಲಿ ಅವಳ ಪಕ್ಷಕ್ಕೆ ನಿಲ್ಲುವವರೇ ಸಿಕ್ಕಿರಲಿಲ್ಲ. ಪಟ್ಟಿಯಲ್ಲೊಂದು ಹೆಸರಿದ್ದರೆ ಸಾಕು, ಕರಪತ್ರವೂ ಬೇಡ ಎಂದು ಪುಸಲಾಯಿಸಿ ಸಹಿ ಹಾಕಿಸಿಕೊಂಡಿದ್ದರು. ಮನೆಯಲ್ಲಿ ಅರವತ್ತು ಹಸು, ಕರೆಯುವುದಕ್ಕೆ ಗಂಡ ಹೆಂಡತಿ ಇಬ್ಬರೇ.

"ನನ್ನ ವೋಟು ನಿಂಗೇ ಕಣೇ. ಮರ್ಯಾದೆಗೆ ಒಂದಾದ್ರೂ ಬೀಳ್ಬೇಕಲ್ಲ," ಎಂದು ಗಂಡ ಕ್ಲಿಫ್ ನಕ್ಕಿದ್ದ.

ಆದರೆ ಇಪ್ಪತ್ತು ವರ್ಷದಿಂದ ಗೆಲ್ಲುತ್ತಲೇ ಬಂದಿದ್ದ ಹ್ಯೂ ಟಾರ್ಬೆಟ್ ಸಾಹೇಬರು, ನಡುಚಳಿಗಾಲದಲ್ಲಿ ಸಂತೆಚೌಕದ ಸಾರ್ವಜನಿಕ ಶೌಚಾಲಯಕ್ಕೆ ಬೀಗ ಹಾಕಿಸಿದ್ದರು. ಕಾಲಿಗೆ ಕಾಲು ಹೆಣೆದುಕೊಂಡು ಬಸ್ಸಿಗೆ ಕಾದವರು ಮೇ ತಿಂಗಳಾದರೂ ಅದನ್ನು ಮರೆತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ, ಬ್ಯಾಡ್ಮಿಂಟನ್ ಅಂಕಣದ ಗೆರೆಗಳ ಮೇಲೆ ಮೇಜು ಹಾಕಿ ಎಣಿಕೆ ನಡೆಯಿತು. ಎರಡು ಸಲ ಎಣಿಸಿದರೂ ಇಬ್ಬರಿಗೂ ನಾನೂರ ಹನ್ನೆರಡು. ಉಳಿದದ್ದು ತಕರಾರಿನ ಒಂದೇ ಚೀಟಿ. ಚುನಾವಣಾಧಿಕಾರಿ ಮಿಸ್ ಓಕ್ಡೆನ್ ಅದನ್ನು ಇಬ್ಬರ ಮುಂದೆ ಹಿಡಿದಳು. ಮಾವಿಸಳ ಹೆಸರಿನೆದುರಿನ ಚೌಕದಲ್ಲಿ, ಗುರುತು ಹಾಕುವ ಬದಲು, ಹೀಗೆ ಬರೆದಿತ್ತು: "ಹಸು ಕರೆಯೋರು ಯಾರು?"

ಎಡಕ್ಕೆ ವಾಲಿದ ಆ ಅಕ್ಷರಗಳನ್ನು ಮಾವಿಸ್ ಇಪ್ಪತ್ತಾರು ವರ್ಷದಿಂದ ಕರುಗಳ ಔಷಧಿ ಸೀಸೆಗಳ ಮೇಲೆ ನೋಡುತ್ತ ಬಂದಿದ್ದಳು.

"ಇದು ವೋಟು ಹೇಗಾಗತ್ರೀ? ಆಯಮ್ಮ ಬೇಡ ಅಂತ ತಾನೇ ಅರ್ಥ?" ಎಂದರು ಟಾರ್ಬೆಟ್.

"ಬೇಡ ಅಂದಿಲ್ಲ ಸಾರ್, ಪ್ರಶ್ನೆ ಕೇಳಿದಾರೆ," ಎಂದಳು ಮಿಸ್ ಓಕ್ಡೆನ್. "ನಿಮ್ಮ ಚೌಕ ಖಾಲಿ. ಮತದಾರರ ಒಲವು ಸ್ಪಷ್ಟವಾಗಿದೆ."

"ಒಲವಿರೋದು ಹಸು ಮೇಲೆ."

"ಹಸು ಕಣಕ್ಕಿಳಿದಿಲ್ವಲ್ಲ ಸಾರ್. ಬರೆದೋರು ಯಾರು ಅಂತ ಗೊತ್ತಾದ್ರೆ ಮಾತ್ರ ಇದು ರದ್ದು. ಆಗ ಸಮ ಸಮ, ಲಾಟರಿ ಎತ್ತಬೇಕಾಗತ್ತೆ. ಈ ಕೈಬರಹ ನಿಮ್ಮಿಬ್ಬರಲ್ಲಿ ಯಾರಿಗಾದ್ರೂ ಪರಿಚಯ ಇದೆಯಾ?"

ಟಾರ್ಬೆಟ್ ಇಲ್ಲವೆಂದು ತಲೆಯಾಡಿಸಿದರು. ಮಾವಿಸ್ ಒಂದು ಮಾತು ಹೇಳಿದ್ದರೆ ಸೋತು ಮನೆಗೆ ಹೋಗುವ ದಾರಿ ಅರ್ಧದಷ್ಟಾದರೂ ತೆರೆಯುತ್ತಿತ್ತು. ಬೆಳಿಗ್ಗೆಯಿಂದ ಅವಳು ಬೇಡಿಕೊಂಡಿದ್ದೂ ಅದನ್ನೇ. ಆದರೆ ನಿನ್ನೆ ಮತಗಟ್ಟೆಯಿಂದ ಬಂದ ಕ್ಲಿಫ್, "ಹಾಕಿದೆ ಕಣೇ, ನಿಂಗೇ," ಎಂದು ಮುಖ ನೋಡಿಯೇ ಹೇಳಿದ್ದ. ಅಷ್ಟು ಪುಟ್ಟ ಚೌಕದೊಳಗೆ ಅಷ್ಟು ಒತ್ತೊತ್ತಾಗಿ, ಗೆರೆ ದಾಟದ ಹಾಗೆ ಬರೆಯುವುದಕ್ಕೆ ಅವನಿಗೆ ಎಷ್ಟು ಹೊತ್ತು ಹಿಡಿದಿರಬೇಕು ಎಂದು ಅವಳು ಯೋಚಿಸಿದಳು.

"ಗೊತ್ತಿಲ್ಲ ಮೇಡಂ," ಎಂದಳು. "ಯಾರೋ ಹಸು ಸಾಕಿದೋರು ಇರ್ಬೇಕು."

ಫಲಿತಾಂಶ ಓದಿದ ಮೇಲೆ, ಹೊರಗೆ ಬಂದು ಮನೆಗೆ ಫೋನು ಮಾಡಿದಳು.

"ಗೆದ್ದೆ ಕಣ್ರೀ. ಒಂದೇ ವೋಟಲ್ಲಿ."

ಆ ಕಡೆಯಿಂದ ಕ್ಲಿಫ್ ಕೇಳಿದ: "ಯಾವ ಪುಣ್ಯಾತ್ಮನದೇ ಅದು?"

"ನಂಗೇನು ಗೊತ್ತು, ಗುಟ್ಟಿನ ಮತದಾನ ಅಲ್ವಾ. ಸಭೆ ಮಂಗಳವಾರ ಸಂಜೆ ಐದಕ್ಕಂತೆ, ಹಾಲು ಕರೆಯೋ ಹೊತ್ತಿಗೇ."

"ಎಷ್ಟು ದಿನ ಇರತ್ತೆ ಇದೆಲ್ಲ?"

"ನಾಲ್ಕು ವರ್ಷ," ಎಂದಳು ಮಾವಿಸ್.