ಒಂದು ಎಳೆ ಉಣ್ಣೆ

ಉಜ್ವಲಾಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಯಾಕೆ ಎಂದು ನಯವಾಗಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ಹೊಟ್ಟೆಕಿಚ್ಚು, ಅಷ್ಟೇ.

ಹಾರೂಗೇರಿಯಿಂದ ರಾಯಬಾಗದ ಕಡೆ ಹೋಗುವ ರಸ್ತೆಯ ಒಂದು ಶೆಡ್ಡಿನಲ್ಲಿ ನಮ್ಮ ಕೆಲಸ. ಮೋಟರ್‌ಸೈಕಲ್ ದೀಪದೊಳಗಿನ ಕರಿ ಪ್ಲಾಸ್ಟಿಕ್ ಬಟ್ಟಲಿಗೆ ಕನ್ನಡಿಯ ಹೊಳಪು ಕೊಡುತ್ತೇವೆ. ಬಟ್ಟಲಿಗೆ ವಾರ್ನಿಶ್ ಹೊಡೆದು ಒಣಗಿಸಿ, ದೊಡ್ಡ ಕಬ್ಬಿಣದ ಟಾಕಿಯೊಳಗೆ ಸಾಲಾಗಿ ಸಿಕ್ಕಿಸಿ, ಬಾಗಿಲು ಬಿಗಿದು, ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯಬೇಕು. ಆಮೇಲೆ ನಡುವಿನ ಟಂಗ್‌ಸ್ಟನ್ ಸುರುಳಿಗೆ ಕರೆಂಟು ಬಿಟ್ಟರೆ ಅದಕ್ಕೆ ಸಿಕ್ಕಿಸಿದ ಅಲ್ಯುಮಿನಿಯಂ ತಂತಿಯ ತುಂಡು ಕರಗಿ, ಹಬೆಯಾಗಿ, ಬಟ್ಟಲುಗಳ ಮೇಲೆ ಕೂರುತ್ತದೆ. ನೋಡನೋಡುತ್ತ ಕರಿ ಬಟ್ಟಲು ಬೆಳ್ಳಗಾಗುತ್ತದೆ. ಹನ್ನೊಂದು ವರ್ಷ ಆ ಟಾಕಿ ನನ್ನ ಕೈಯಲ್ಲಿತ್ತು. ಮೀಟರು ನೋಡದೆ, ಪಂಪಿನ ದನಿ ಕೇಳಿಯೇ ಒಳಗೆ ಗಾಳಿ ಎಷ್ಟು ಉಳಿದಿದೆ ಎಂದು ಹೇಳುತ್ತಿದ್ದೆ.

ಉಜ್ವಲಾ ಕುಡಚಿಯಿಂದ ಬಸ್ಸಿನಲ್ಲಿ ಬರುತ್ತಾಳೆ. ಇಪ್ಪತ್ತಮೂರು ವಯಸ್ಸು, ಡಿಪ್ಲೊಮಾ ಓದಿದವಳು. ಸೇರಿದ ಎರಡನೇ ವಾರಕ್ಕೇ ಟಾಕಿ ಬಾಗಿಲಿನ ರಬ್ಬರ್ ಬಳೆ ಬಿಚ್ಚಿ, ಅದರಲ್ಲಿದ್ದ ಸಣ್ಣ ಸೀಳು ತೋರಿಸಿದಳು. ಹೊಸ ಬಳೆ ಹಾಕಿದ ಮೇಲೆ ಐವತ್ತು ನಿಮಿಷ ಎಳೆಯುತ್ತಿದ್ದ ಪಂಪು ಮೂವತ್ತಕ್ಕೇ ಮುಗಿಸಿತು.

“ಇಷ್ಟ ದಿನಾ ನಿನಗ ಗೊತ್ತಾಗಲಿಲ್ಲೇನೋ ಜಕ್ಕಪ್ಪಾ?” ಎಂದು ನಮ್ಮ ಮಾಲಕ ವಿಶ್ವಾಸ ನಕ್ಕರು. ಅವರಿಗೇನು ನಗು, ನನಗೆ ಮೈಯೆಲ್ಲ ಉರಿದುಹೋಯಿತು.

ಮುಂದಿನ ತಿಂಗಳು ಇದರ ಎರಡರಷ್ಟು ದೊಡ್ಡ ಹೊಸ ಮಷೀನು ಬರುವುದಿತ್ತು. ಅದು ನನಗೇ ಎಂದು ಹೆಂಡತಿ ಮಲಕವ್ವನಿಗೆ ಹೇಳಿಯೂ ಆಗಿತ್ತು. ಸೋಮವಾರ ವಿಶ್ವಾಸ ಎಲ್ಲರೆದುರಿಗೆ, “ಕೊಲ್ಲಾಪುರದವರ ಈ ಮಾಲ ಉಜ್ವಲಾ ತಗೀಲಿ. ಪಾಸಾತಂದ್ರ ಹೊಸಾ ಮಷೀನ ಆಕಿನ ನೋಡ್ಕೋತಾಳ” ಎಂದರು. ಅವಳು ನನ್ನ ಕಡೆ ತಿರುಗಿ, “ಕಾಕಾ, ತಂತಿ ಎಷ್ಟ ಹಾಕ್ಬೇಕು ನೀವ ಹೇಳ್ರಿ” ಎಂದಳು. ಆ ಮರ್ಯಾದೆಯೇ ನನಗೆ ಹೆಚ್ಚು ಚುಚ್ಚಿತು. ಸೊಕ್ಕು ತೋರಿಸಿದ್ದರೆ ನಾನೂ ಜಗಳ ತೆಗೆಯುತ್ತಿದ್ದೆ.

ನಮ್ಮಲ್ಲಿ ಒಂದು ಪದ್ಧತಿ ಉಂಟು, ನಾನೇ ಹಾಕಿದ್ದು. ವಾರ್ನಿಶ್ ಆದ ಬಟ್ಟಲನ್ನು ಬರಿಗೈಯಲ್ಲಿ ಮುಟ್ಟಿದರೆ, ಬೆರಳಿನ ಜಿಡ್ಡಿನ ಮೇಲೆ ಅಲ್ಯುಮಿನಿಯಂ ಸರಿಯಾಗಿ ಹಿಡಿಯುವುದಿಲ್ಲ. ಬೆರಳಚ್ಚು ಎದ್ದು ಕಾಣುತ್ತದೆ. ಅಂಥ ಬಟ್ಟಲನ್ನು ಗೋಡೆಯ ಮೊಳೆಗೆ ತೂಗುಹಾಕಿ, ಪಕ್ಕದಲ್ಲಿ ಮುಟ್ಟಿದವರ ಹೆಸರು ಬರೆಯುವುದು. ಪ್ಯಾಕಿಂಗಿನ ಭರಮುನ ಹೆಸರು ಅಲ್ಲಿ ನಾಲ್ಕು ಸಲ ಇದೆ. ಉಜ್ವಲಾಳದ್ದೂ ಒಂದು ಸಲ ಬರೆದೆ, ದೊಡ್ಡ ಅಕ್ಷರದಲ್ಲಿ. ನನ್ನದು ಒಂದೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಮನೆಯಲ್ಲಿ ಕುರಿಗಳ ಉಣ್ಣೆ ಕತ್ತರಿಸುವುದಿತ್ತು. ಒಂದೊಂದನ್ನೇ ಕೆಡವಿ, ಅವುಚಿ ಹಿಡಿದು, ಅದೇ ಅಂಗಿಯಲ್ಲಿ ಕೆಲಸಕ್ಕೆ ಬಂದೆ. ಉಣ್ಣೆಯ ಜಿಡ್ಡು ಎಂಥದ್ದೆಂದು ಕುರಿ ಹಿಡಿದವನಿಗೇ ಗೊತ್ತು, ಸೋಪಿಗೂ ಬಗ್ಗುವುದಿಲ್ಲ. ಉಜ್ವಲಾ ಕೊಲ್ಲಾಪುರದವರ ಬಟ್ಟಲುಗಳನ್ನು ಸಿಕ್ಕಿಸಿಟ್ಟು ಚಹಾಕ್ಕೆ ಹೋಗಿದ್ದಳು. ಬೆರಳು ತಾಗಿಸಿದರೆ ಗುರುತು ಸಿಗುತ್ತದೆ, ಅಂಗಿಯ ತೋಳಿಗೆ ಯಾವ ಗುರುತು? ಮೊದಲ ಸಾಲಿನ ಬಟ್ಟಲುಗಳೊಳಗೆ ತೋಳನ್ನು ಒಮ್ಮೊಮ್ಮೆ ಆಡಿಸಿದೆ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಆಮೇಲೆ ಅಂಗಿಯ ಮೇಲೆ ಬಿಳಿ ಕೋಟು ಹಾಕಿಕೊಂಡು ಏನೂ ಅರಿಯದವನಂತೆ ಕೂತೆ.

ಟಾಕಿ ತೆರೆದಾಗ ಮೊದಲ ಸಾಲಿನ ಬಟ್ಟಲುಗಳೆಲ್ಲ ಮಬ್ಬು ಮಬ್ಬು. ಉಜ್ವಲಾಳ ಮುಖ ಬಾಡಿತು. ವಿಶ್ವಾಸ ಒಂದನ್ನು ಬೆಳಕಿಗೆ ಹಿಡಿದು, “ವಾರ್ನಿಶ್ ಒಣಗಿಲ್ಲೇನು?” ಎಂದರು.

“ಅವಸರ ಮಾಡಿದ್ರ ಹಿಂಗ ಆಗತೈತ್ರಿ ಮಾಲಕರ” ಎಂದೆ.

ಅವಳು ಒಂದು ಬಟ್ಟಲನ್ನು ಕಣ್ಣಿನ ಹತ್ತಿರ ತಂದು, ಚಿಮಟದಿಂದ ಏನನ್ನೋ ಎತ್ತಿ ಕೈಗವಸಿನ ಮೇಲಿಟ್ಟುಕೊಂಡಳು. ಸುರುಳಿ ಸುತ್ತಿದ ಒಂದು ಕೂದಲು, ಬೆಳ್ಳಗೆ ಹೊಳೆಯುತ್ತಿತ್ತು. ಚಿಮಟದ ತುದಿಯಿಂದ ಅದನ್ನು ಹೊರಳಿಸಿದಳು. ಅಲ್ಯುಮಿನಿಯಂ ತಾಗದ ಅಡಿಮಗ್ಗುಲು ಕರ್ರಗಿತ್ತು. ತೋಳು ಆಡಿಸುವಾಗ ಕರಿ ಬಟ್ಟಲಿನಲ್ಲಿ ಆ ಕರಿ ಎಳೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

“ಕಾಕಾ, ಉಣ್ಣಿ ಯಾವಾಗ ಕತ್ತರಿಸಿದ್ರಿ?”

ಆ ಶೆಡ್ಡಿನಲ್ಲಿ ಮನೆಯಲ್ಲಿ ಕುರಿ ಇದ್ದವನು ನಾನೊಬ್ಬನೇ. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. “ಇವತ್ತ ಮುಂಜಾನೆ” ಎಂದೆ.

ವಿಶ್ವಾಸ ನನ್ನ ಕೋಟಿನ ತೋಳನ್ನು ಮೇಲೆ ಸರಿಸಿ ಒಳಗಿನ ಅಂಗಿ ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು. ತೋಳು ಬಿಟ್ಟು ಹೊರಗೆ ನಡೆದರು.

ಉಜ್ವಲಾ ಆ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ದನಿ ನಡುಗುತ್ತಿತ್ತು. ಅಳುತ್ತಾಳೆ ಅಂದುಕೊಂಡೆ, ಅಲ್ಲ, ಅದು ಸಿಟ್ಟು.

“ಪದ್ಧತಿ ನೀವ ಹಾಕೀರಿ. ಮೊಳಿಗೆ ಹಾಕ್ರಿ, ಹೆಸರ ನೀವ ಬರೀರಿ. ನಾ ಇನ್ನೊಂದ ಸಲ ಟಾಕಿ ತುಂಬತೇನಿ.”

ಬೇರೆ ಬಟ್ಟಲುಗಳನ್ನು ಸಿಕ್ಕಿಸಿ ಪಂಪು ಹಚ್ಚಿದಳು. ಹೊಟ್ಟೆಕಿಚ್ಚು ಆಗಲೂ ಆರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅರ್ಧ ತಾಸಿಗೆ ಪಂಪಿನ ಗುಳುಗುಳು ನಿಂತು ದನಿ ತೆಳುವಾಯಿತು. ಗಾಳಿ ಪೂರ್ತಿ ಹೋಯಿತೆಂದು ನನಗೆ ತಿಳಿಯಿತು. ಹೇಳೋಣವೆಂದು ಬಾಯಿ ತೆರೆದೆ. ಅವಳು ಮೀಟರು ನೋಡಿ ಆಗಲೇ ಕರೆಂಟು ಬಿಟ್ಟಿದ್ದಳು. ನಾನು ಇನ್ನೂ ಗೋಡೆಯ ಮುಂದೆ ಪೆನ್ನು ಹಿಡಿದು ನಿಂತಿದ್ದೆ. ‘ಜ’ ಒಂದೇ ಅಕ್ಷರ ಬರೆದಾಗಿತ್ತು.